ಹಡಗು ಸಮುದ್ರದ ಮೇಲೆ ಅಂಟಿಸಿದ ಹಾಗೆ ಕಾಣುತ್ತಿದೆ, ಎಲ್ಲಿ ತಪ್ಪಿದೆ?

ನೀಲಿಪುಟ:

ಎಲ್ಲರಿಗೂ ನಮಸ್ಕಾರ. ಆಯಿಲ್ ಪೇಂಟ್ ಹಿಡಿದು ಮೂರು ವರ್ಷ ಆಯಿತು. ಇಷ್ಟು ದಿನ ಮಾಡಿದ್ದೆಲ್ಲ ಹೂದಾನಿ, ಹಣ್ಣು, ಮರ. ಸಮುದ್ರಕ್ಕೆ ಕೈ ಹಾಕಿರುವುದು ಇದೇ ಮೊದಲು. ಕ್ಯಾನ್ವಾಸ್ 60 × 90 ಸೆಂಟಿಮೀಟರ್, ಅಡ್ಡಕ್ಕೆ.

ಈ ಚಿತ್ರಕ್ಕೆ ಒಂದು ಕಾರಣ ಇದೆ. ನಮ್ಮಪ್ಪ ಮರದಲ್ಲಿ ಒಂದು ಹಾಯಿಹಡಗು ಮಾಡಿದ್ದರು. ಮೂರು ಕಂಬದ್ದು, 1:100 ಅಳತೆ, ಉದ್ದ ಸುಮಾರು 60 ಸೆಂಟಿಮೀಟರ್. ಹಗ್ಗಕ್ಕೆಲ್ಲ ಹೊಲಿಗೆ ದಾರ. ಹಾಯಿಗೆ ಗಂಜಿ ಹಾಕಿದ ಹತ್ತಿ ಬಟ್ಟೆ. ಒಂದೊಂದು ಗಂಟನ್ನೂ ಚಿಮಟದಲ್ಲಿ ಹಿಡಿದು ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ದಾರ ಕತ್ತರಿಸಿ ಕೊಡುತ್ತಿದ್ದೆ. ಈಗ ಅಪ್ಪ ಇಲ್ಲ. ಹಡಗು ಮಾತ್ರ ಕಪಾಟಿನ ಮೇಲೆ ಅದರ ಸ್ಟ್ಯಾಂಡ್ ಮೇಲೆ ನಿಂತಿದೆ. ಅದನ್ನು ಒಂದು ಸಲ ನೀರಿಗೆ ಇಳಿಸಬೇಕು, ಚಿತ್ರದಲ್ಲಾದರೂ, ಅಂತ ಬಹಳ ದಿನದ ಆಸೆ.

ಮಾದರಿಯನ್ನು ಮೇಜಿನ ಮೇಲಿಟ್ಟೆ. ನಿಂತುಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದೆ. ಅದನ್ನೇ ನೋಡಿಕೊಂಡು ಕ್ಯಾನ್ವಾಸಿನ ಮಧ್ಯಕ್ಕೆ ಬರೆದೆ. ಮೂತಿ ಬಲಕ್ಕಿದೆ. ಹಾಯಿಗಳನ್ನು ಮಾತ್ರ ಫೋಟೋದಲ್ಲಿರುವ ಹಾಗೆ ಚಪ್ಪಟೆ ಬಿಡದೆ, ಗಾಳಿ ತುಂಬಿ ಮುಂದಕ್ಕೆ ಉಬ್ಬಿದ ಹಾಗೆ ಬರೆದೆ. ಎಲ್ಲ ಹಾಯಿಗಳೂ ಬಿಚ್ಚಿವೆ. ದಿಗಂತದ ಗೆರೆಯನ್ನು ಕ್ಯಾನ್ವಾಸಿನ ಕೆಳಗಿನಿಂದ 20 ಸೆಂಟಿಮೀಟರ್ ಎತ್ತರಕ್ಕೆ, ಟೇಪ್ ಹಚ್ಚಿ ನೇರವಾಗಿ ಎಳೆದೆ. ಅದು ಹಡಗಿನ ಒಡಲಿನ ನಡುಮಧ್ಯಕ್ಕೆ ಬರುತ್ತದೆ. ಹಿಂದೆ ದೂರದಲ್ಲಿ ಎರಡು ಚಿಕ್ಕ ದೋಣಿಗಳನ್ನು ಆ ಗೆರೆಯ ಮೇಲೆ ಕೂರಿಸಿದೆ. ಸಮುದ್ರ ಜೋರಾಗಿದೆ, ನೊರೆ ಪಟ್ಟೆಪಟ್ಟೆಯಾಗಿ ಹಾರುತ್ತಿದೆ.

ಸಮಸ್ಯೆ ಏನೆಂದರೆ, ಹಡಗು ನೀರಿನಲ್ಲಿ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಹಡಗೂ ಚೆನ್ನಾಗಿದೆ, ಸಮುದ್ರವೂ ಪರವಾಗಿಲ್ಲ. ಒಟ್ಟಿಗೆ ನೋಡಿದರೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಹಾಗಿದೆ. ಬುಡಕ್ಕೆ ನೊರೆ ಹಾಕಿ ನೋಡಿದೆ. ಹತ್ತಿಯ ಮೇಲೆ ಇಟ್ಟ ಹಾಗಾಯಿತು, ಮತ್ತೆ ಒರೆಸಿದೆ. ಎರಡನೆಯದು ಹಗ್ಗ. ಎಷ್ಟೇ ಸಣ್ಣ ಬ್ರಷ್ ತಗೊಂಡರೂ ಗೆರೆ ನಡುಗುತ್ತದೆ. ಕೆಲವು ಕಡೆ ಬಣ್ಣ ಕೆಳಗಿನ ಪದರಕ್ಕೆ ಅಂಟದೆ ಹನಿಹನಿಯಾಗಿ ಒಡೆಯುತ್ತಿದೆ.

ಯಾರಾದರೂ ಹಡಗಿನ ಚಿತ್ರ ಮಾಡಿದವರಿದ್ದರೆ ದಯವಿಟ್ಟು ಹೇಳಿ. ಬೇರೆ ಕ್ಯಾನ್ವಾಸ್ ತಗೊಂಡು ಮೊದಲಿನಿಂದ ಶುರು ಮಾಡಬೇಕಾದರೂ ಸರಿ.

ಹಳೇಕುಂಚ:

ನೀಲಿಪುಟ ಅವರೇ, ಹೊಸ ಕ್ಯಾನ್ವಾಸ್ ಬೇಡ. ನೀವು ಬರೆದಿರುವುದರಲ್ಲೇ ಉತ್ತರ ಇದೆ. "ನಿಂತುಕೊಂಡು ಫೋಟೋ ತೆಗೆದೆ" ಅಂದಿರಲ್ವಾ, ತಪ್ಪಿದ್ದು ಅಲ್ಲೇ.

ಇಪ್ಪತ್ತು ವರ್ಷದಿಂದ ಜಾಸ್ತಿ ಸಮುದ್ರವನ್ನೇ ಬರೆಯುತ್ತಿದ್ದೇನೆ. ಮೊದಲ ನಾಲ್ಕೈದು ವರ್ಷ ನನ್ನ ಹಡಗುಗಳೂ ಹೀಗೇ ಅಂಟಿಸಿದ ಹಾಗೆ ಕಾಣುತ್ತಿದ್ದವು. ಬಣ್ಣದಲ್ಲಿ ದೋಷ ಹುಡುಕುತ್ತಿದ್ದೆ. ದೋಷ ಇದ್ದದ್ದು ಕಣ್ಣಿನ ಎತ್ತರದಲ್ಲಿ.

ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲಿ ಇರುತ್ತದೆ. ನೀವು ಕೂತರೆ ಅದೂ ಇಳಿಯುತ್ತದೆ, ಎದ್ದರೆ ಅದೂ ಏಳುತ್ತದೆ. ನಿಮ್ಮ ಕಣ್ಣು ನೀರಿನಿಂದ 4 ಮೀಟರ್ ಮೇಲಿದೆ ಅಂದುಕೊಳ್ಳಿ. ಆಗ ಕಣ್ಣಿಗೆ ಬೀಳುವ ಪ್ರತಿಯೊಂದು ಹಡಗನ್ನೂ ದಿಗಂತ ಅದರದರ 4 ಮೀಟರ್ ಎತ್ತರದಲ್ಲೇ ಕತ್ತರಿಸುತ್ತದೆ. ಹತ್ತಿರದ ಹಡಗಿಗೂ ಅದೇ, ದೂರದ್ದಕ್ಕೂ ಅದೇ. ದೋಣಿಯಲ್ಲಿ ನಿಂತ ಮನುಷ್ಯನ ತಲೆ ನೀರಿನಿಂದ ಎರಡು ಎರಡೂವರೆ ಮೀಟರ್ ಇರಬಹುದು. ಅಂದರೆ ಅವನ ತಲೆ ದಿಗಂತದ ಕೆಳಗೆ. ಅವನ ದೋಣಿಯ ಕಂಬದ ತುದಿ ದಿಗಂತದ ಮೇಲೆ. ಇದೊಂದನ್ನು ಹಿಡಿದುಕೊಂಡರೆ ಹತ್ತು ದೋಣಿ ಬರೆದರೂ ಎಲ್ಲವೂ ಒಂದೇ ನೀರಿನ ಮೇಲೆ ಕೂರುತ್ತವೆ.

ಈಗ ನಿಮ್ಮ ಚಿತ್ರ ನೋಡೋಣ. ಮೇಜಿನ ಎತ್ತರ, ಮಾದರಿಯ ಎತ್ತರ ಎರಡನ್ನೂ ಕೂಡಿಸಿ ನೋಡಿ. ನೀವು ನಿಂತಾಗ ಮೊಬೈಲ್ ಕಂಬದ ತುದಿಗಿಂತ ಮೇಲಿರಬೇಕು. ಆ ಫೋಟೋದಲ್ಲಿ ಹಡಗಿನ ಡೆಕ್ ಕಾಣುತ್ತಿದೆ ಅಲ್ವಾ? ಹಲಗೆಗಳು, ಆಚೆ ಬದಿಯ ಕಟಕಟೆಯ ಒಳಗೋಡೆ, ಎಲ್ಲ? ಡೆಕ್ ಮೇಲಿನಿಂದ ಕಂಡರೆ ಕಣ್ಣು ಡೆಕ್ಕಿಗಿಂತ ಮೇಲಿದೆ ಅಂತ ಅರ್ಥ. ಕಣ್ಣು ಕಂಬದ ತುದಿಗಿಂತಲೂ ಮೇಲಿದ್ದರೆ ದಿಗಂತವೂ ಕಂಬದ ತುದಿಗಿಂತ ಮೇಲಿರಬೇಕು. ನೀವು ಅದನ್ನು ಒಡಲಿನ ಮಧ್ಯಕ್ಕೆ ಇಟ್ಟಿದ್ದೀರಿ. ಹಡಗನ್ನು ನೋಡಿದ್ದು ಗುಡ್ಡದ ತುದಿಯಿಂದ, ಸಮುದ್ರವನ್ನು ನೋಡಿದ್ದು ದಡದಿಂದ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಕಣ್ಣು ಒಪ್ಪುವುದಿಲ್ಲ.

ದೂರದ ಎರಡು ದೋಣಿಗಳದ್ದೂ ಇದೇ ಕತೆ. ಅವುಗಳ ಬುಡ ಸರಿಯಾಗಿ ದಿಗಂತದ ಗೆರೆಯ ಮೇಲೆ ಇದ್ದರೆ ಕಪಾಟಿನ ಹಲಗೆ ಮೇಲೆ ಇಟ್ಟ ಹಾಗೆ ಕಾಣುತ್ತವೆ. ದಿಗಂತಕ್ಕಿಂತ ಈಚೆಗಿರುವ ಯಾವ ದೋಣಿಯ ಬುಡವೂ ಗೆರೆಗಿಂತ ಕೆಳಗೇ ಇರಬೇಕು. ಕಣ್ಣು 4 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 7 ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಾಚೆಯ ಹಡಗಿನ ಒಡಲು ನೀರಿನ ಮರೆಗೆ ಹೋಗಿ ಹಾಯಿ ಮಾತ್ರ ಕಾಣುತ್ತದೆ. ಅಷ್ಟು ದೂರದ್ದು ಬೇಕಾದರೆ ಒಡಲೇ ಬರೆಯಬೇಡಿ, ಗೆರೆಯ ಮೇಲೆ ಒಂದು ಮಸುಕು ಹಾಯಿಯ ತುಂಡು ಸಾಕು.

ಹೀಗೆ ಮಾಡಿ. ಮಾದರಿಯನ್ನು ಅದೇ ಮೇಜಿನ ಮೇಲಿಡಿ. ನೀರು ಎಲ್ಲಿಯವರೆಗೆ ಬರಬೇಕೋ ಆ ಗೆರೆ ಒಡಲಿನ ಮೇಲೆ ಗುರುತಿಸಿಕೊಳ್ಳಿ. 1:100 ಅಳತೆಯಲ್ಲಿ 4 ಮೀಟರ್ ಅಂದರೆ 4 ಸೆಂಟಿಮೀಟರ್. ನೀರಿನ ಗೆರೆಯಿಂದ 4 ಸೆಂಟಿಮೀಟರ್ ಮೇಲಕ್ಕೆ ಮೊಬೈಲಿನ ಲೆನ್ಸ್ ಬರುವ ಹಾಗೆ ಮಂಡಿಯೂರಿ ಕೂತುಕೊಳ್ಳಿ. ಹತ್ತಿರ ಹೋಗಬೇಡಿ, ಮೂತಿ ದೊಡ್ಡದಾಗಿ ಬಾಲ ಚಿಕ್ಕದಾಗುತ್ತದೆ. ಮೂರು ಮೀಟರ್ ಹಿಂದೆ ಸರಿದು ಜೂಮ್ ಮಾಡಿ. ಅದು ನಿಜವಾದ ಹಡಗನ್ನು 300 ಮೀಟರ್ ದೂರದಿಂದ ನೋಡಿದ ಹಾಗೆ. ಮೊಬೈಲ್ ಮೇಲಕ್ಕೂ ಕೆಳಕ್ಕೂ ಬಾಗಬಾರದು. ಡೆಕ್ ಪೂರ್ತಿ ಮಾಯವಾಗುತ್ತದೆ. ಒಡಲು ಒಮ್ಮೆಲೇ ಎತ್ತರವಾಗಿ, ಗೋಡೆಯ ಹಾಗೆ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಕೂತು ದೊಡ್ಡ ಹಡಗನ್ನು ನೋಡಿದ ಭಾವನೆ ಬರುವುದು ಅಲ್ಲಿಂದಲೇ.

ಇನ್ನೊಂದು ಪ್ರಶ್ನೆ. ಬಾವುಟ ಯಾವ ಕಡೆಗೆ ಹಾರುತ್ತಿದೆ?

ಕಪ್ಪುಬಿಳುಪು:

ಹಳೇಕುಂಚ ಹೇಳಿದ್ದು ಪೂರ್ತಿ ಸರಿ. ಅದರ ಜೊತೆಗೆ ಇದನ್ನೂ ನೋಡಿಕೊಳ್ಳಿ. ನಿಮ್ಮ ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲೇ ಕಪ್ಪುಬಿಳುಪು ಮಾಡಿ. ಹಡಗಿನ ಅತಿ ಕಪ್ಪು ಜಾಗ ಮತ್ತು ಸಮುದ್ರದ ಅತಿ ಕಪ್ಪು ಜಾಗ ಹೋಲಿಸಿ. ಹಡಗಿನಲ್ಲಿ ಕಡುಕಪ್ಪು, ನೀರಿನಲ್ಲಿ ಎಲ್ಲವೂ ತಿಳಿ ಬೂದು ಅಂತ ಬಂದರೆ ಹಡಗು ಕ್ಯಾನ್ವಾಸಿನಿಂದ ಹೊರಕ್ಕೆ ಎದ್ದು ನಿಲ್ಲುತ್ತದೆ.

ಬಣ್ಣ ಬೇರೆ, ಬೆಳಕಿನ ಪ್ರಮಾಣ ಬೇರೆ. ಫ್ರೆಂಚ್ ಚಿತ್ರಕಾರ ಮೋನೆ 1872ರಲ್ಲಿ ಬಂದರಿನ ಮೇಲೆ ಸೂರ್ಯ ಹುಟ್ಟುವ ಚಿತ್ರ ಬರೆದನಲ್ಲ, ಅದರ ಕಿತ್ತಳೆ ಸೂರ್ಯ ಎಷ್ಟು ಉರಿಯುತ್ತದೆ! ಅದೇ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ನೋಡಿದರೆ ಸೂರ್ಯ ಹೆಚ್ಚುಕಡಿಮೆ ಆಕಾಶದಲ್ಲೇ ಕರಗಿಹೋಗುತ್ತದೆ. ಸೂರ್ಯನದ್ದೂ ಆಕಾಶದ್ದೂ ಒಂದೇ ಬೆಳಕಿನ ಪ್ರಮಾಣ.

ಹಡಗಿನ ಕಪ್ಪಿಗೆ ಟ್ಯೂಬಿನ ಕಪ್ಪು ಬಳಸಿದ್ದರೆ ಬಿಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಕಂದು ಬೆರೆಸಿ. ಅದೇ ಬೆರಕೆಯನ್ನು ಅಲೆಯ ನೆರಳಿಗೂ ಸ್ವಲ್ಪ ಸೇರಿಸಿ. ಇಬ್ಬರೂ ಒಂದೇ ಮನೆಯವರಾಗುತ್ತಾರೆ.

ನೀಲಿಪುಟ:

ಹಳೇಕುಂಚ ಅವರೇ, ನಿಮ್ಮ ಉತ್ತರ ಓದಿ ತಕ್ಷಣ ಎದ್ದು ಹೋಗಿ ಮಂಡಿಯೂರಿ ನೋಡಿದೆ. ಐದು ನಿಮಿಷ ಮಾತೇ ಬರಲಿಲ್ಲ. ಇಷ್ಟು ವರ್ಷ ಆ ಹಡಗಿನ ಧೂಳು ಒರೆಸಿದ್ದೇನೆ, ಯಾವತ್ತೂ ಅಷ್ಟು ಕೆಳಗಿನಿಂದ ನೋಡಿರಲಿಲ್ಲ. ಎಷ್ಟು ದೊಡ್ಡದು ಅದು! ಅಪ್ಪ ಕೆಲಸ ಮಾಡುವಾಗ ಮೇಜಿನ ಅಂಚಿಗೆ ಗಲ್ಲ ಊರಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕಂಬ ನೆಟ್ಟಗಿದೆಯಾ ಅಂತ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಬಹುಶಃ ಅವರು ಇದನ್ನೇ ನೋಡುತ್ತಿದ್ದರೇನೋ.

ಬಾವುಟ ಎಡಕ್ಕೆ ಹಾರುತ್ತಿದೆ, ಹಡಗಿನ ಹಿಂದಕ್ಕೆ. ಮಾದರಿಯಲ್ಲಿ ಅಪ್ಪ ಹಾಗೇ ಅಂಟಿಸಿದ್ದಾರೆ, ಅದನ್ನೇ ಬರೆದೆ. ಅದರಲ್ಲೂ ತಪ್ಪಿದೆಯಾ?

ಉಪ್ಪುಗಾಳಿ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಚಿತ್ರಗಾರ ಅಲ್ಲ, ಹಾಯಿದೋಣಿ ನಡೆಸುವವನು. ಹಡಗಿನ ಚಿತ್ರ ಎಲ್ಲೇ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಬಾವುಟಕ್ಕೆ.

ಕಾರಿನ ಬಾವುಟ ಹಿಂದಕ್ಕೆ ಹಾರುತ್ತದೆ, ಏಕೆಂದರೆ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹಾಯಿಹಡಗನ್ನು ಗಾಳಿಯೇ ತಳ್ಳುತ್ತದೆ. ಗಾಳಿ ಹಿಂದಿನಿಂದ ಬಂದು ಹಾಯಿ ಮುಂದಕ್ಕೆ ಉಬ್ಬಿದೆ ಅಂದರೆ ಬಾವುಟವೂ ಮುಂದಕ್ಕೇ ಹಾರಬೇಕು. ಹಡಗಿಗಿಂತ ಗಾಳಿಯ ವೇಗ ಜಾಸ್ತಿ ಇರುತ್ತದಲ್ಲ. ನಿಮ್ಮ ಚಿತ್ರದಲ್ಲಿ ಹಾಯಿಗೆ ಎಡಗಡೆಯಿಂದ ಗಾಳಿ, ಬಾವುಟಕ್ಕೆ ಬಲಗಡೆಯಿಂದ ಗಾಳಿ. ಒಂದು ಚಿತ್ರಕ್ಕೆ ಒಂದೇ ಗಾಳಿ ಇರಬೇಕು. ಬಾವುಟ, ಹಾಯಿ, ಅಲೆಯ ತುದಿಯಿಂದ ಹಾರುವ ತುಂತುರು, ಮೂರೂ ಅದೇ ಗಾಳಿಗೆ ಬಾಗಬೇಕು. ಗಾಳಿ ಪಕ್ಕದಿಂದ ಬರುತ್ತಿದ್ದರೆ ಹಡಗು ಆಚೆ ಕಡೆಗೆ ವಾಲಬೇಕು. ಕಂಬ ನೆಟ್ಟಗೆ ನಿಲ್ಲಿಸಿ ಪಕ್ಕದ ಗಾಳಿ ಬರೆದರೆ ನಂಬಿಕೆ ಬರುವುದಿಲ್ಲ.

ಎದುರುಗಾಳಿಗೆ ಮುಖ ಮಾಡಿ ಓಡುವ ಹಡಗನ್ನೂ ಕೆಲವರು ಬರೆಯುತ್ತಾರೆ. ಅಡ್ಡಮರಕ್ಕೆ ಚೌಕ ಹಾಯಿ ಕಟ್ಟಿದ ನಿಮ್ಮಂಥ ಹಡಗು, ಗಾಳಿ ಬರುವ ದಿಕ್ಕಿನಿಂದ ಸುಮಾರು 65-70 ಡಿಗ್ರಿ ತಿರುಗಿಕೊಂಡೇ ಹೋಗಬೇಕು. ಅದಕ್ಕಿಂತ ಹತ್ತಿರ ಅದು ಹೋಗಲಾರದು. ನೀವು ಹಿಂದಿನ ಗಾಳಿ ಆರಿಸಿಕೊಂಡಿರುವುದರಿಂದ ಈ ತಾಪತ್ರಯ ಇಲ್ಲ.

ಆದರೆ ಇನ್ನೊಂದು ವಿಷಯ ಇದೆ, ಅದು ಬಾವುಟಕ್ಕಿಂತ ದೊಡ್ಡದು. ನೊರೆ ಪಟ್ಟೆಪಟ್ಟೆಯಾಗಿ ಹಾರುತ್ತಿದೆ ಅಂದಿರಿ. ಎಲ್ಲ ಹಾಯಿಗಳೂ ಬಿಚ್ಚಿವೆ ಅಂತಲೂ ಅಂದಿರಿ. ಇವೆರಡೂ ಒಟ್ಟಿಗೆ ಆಗುವುದಿಲ್ಲ. 1805ರಲ್ಲಿ ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ ಗಾಳಿಯನ್ನು ಅಳೆಯುವ ಒಂದು ಪಟ್ಟಿ ಮಾಡಿದ. ಇವತ್ತಿಗೂ ಅದೇ ಹೆಸರಿನಲ್ಲಿ ಬಳಕೆಯಲ್ಲಿದೆ, 0ಯಿಂದ 12ರವರೆಗೆ. ಅದರ ಮೂಲ ಲೆಕ್ಕ ಗಂಟೆಗೆ ಇಷ್ಟು ಮೈಲಿ ಅಂತ ಅಲ್ಲ. ಯುದ್ಧದ ಹಡಗೊಂದು ಆ ಗಾಳಿಯಲ್ಲಿ ಎಷ್ಟು ಹಾಯಿ ಬಿಚ್ಚಬಹುದು ಅನ್ನುವುದೇ ಲೆಕ್ಕ. 12 ಅಂದರೆ ಯಾವ ಬಟ್ಟೆಯೂ ತಡೆಯದ ಗಾಳಿ. ಸಮುದ್ರ ಹೇಗೆ ಕಾಣುತ್ತದೆ ಎಂಬ ವಿವರ ಆಮೇಲೆ ಸೇರಿಕೊಂಡಿತು. ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಕೈಪಿಡಿ ನನಗೆ ಗೊತ್ತಿಲ್ಲ.

3ನೇ ಅಂಕೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತಲೆ ಏಳುತ್ತದೆ. 4ರಲ್ಲಿ ಅದು ಆಗಾಗ ಕಾಣುತ್ತದೆ. 5ರವರೆಗೂ ಹಡಗು ತುತ್ತತುದಿಯ ರಾಯಲ್ ಹಾಯಿ ಹಿಡಿದುಕೊಂಡಿರಬಹುದು. ನೊರೆ ಗಾಳಿಯ ದಿಕ್ಕಿಗೆ ಪಟ್ಟೆಯಾಗಿ ಎಳೆಯಲು ಶುರುವಾಗುವುದು 7ರಲ್ಲಿ. ಅಷ್ಟು ಹೊತ್ತಿಗೆ ಮೇಲಿನ ಹಾಯಿಗಳನ್ನು ಸುತ್ತಿ ಅಡ್ಡಮರಕ್ಕೆ ಕಟ್ಟಿ, ಮಧ್ಯದ ಹಾಯಿಗಳನ್ನು ಮಡಚಿ ಚಿಕ್ಕದು ಮಾಡಿರುತ್ತಾರೆ. ಹಾಗಾಗಿ ಒಂದೋ ಸಮುದ್ರ ಇಳಿಸಿ, ಇಲ್ಲ ಹಾಯಿ ಇಳಿಸಿ.

ನನ್ನನ್ನು ಕೇಳಿದರೆ ಸಮುದ್ರ ಇಳಿಸಿ. ನಿಮ್ಮ ತಂದೆ ಅಷ್ಟೂ ಹಾಯಿ ಹೊಲಿದಿದ್ದಾರೆ, ಅಷ್ಟೂ ಕಾಣಲಿ.

ಹಳೇಕುಂಚ:

ಉಪ್ಪುಗಾಳಿ ಅವರೇ, ಇದನ್ನು ನಾನು ಇಷ್ಟು ಚೆನ್ನಾಗಿ ಹೇಳಲಾರೆ. ಧನ್ಯವಾದ.

ನೀಲಿಪುಟ ಅವರೇ, ಬಾವುಟದ ಬಗ್ಗೆ ಮನಸ್ಸಿಗೆ ಕಷ್ಟ ಆಗಿರಬಹುದು. ನಿಮ್ಮ ತಂದೆ ತಪ್ಪು ಮಾಡಿಲ್ಲ. ಸ್ಟ್ಯಾಂಡ್ ಮೇಲೆ ನಿಂತ ಹಡಗಿಗೆ ಗಾಳಿ ಇಲ್ಲ, ಅವರ ಹಾಯಿಗಳೂ ಚಪ್ಪಟೆಯೇ ಇವೆ. ಗಾಳಿ ತಂದಿದ್ದು ನೀವು.

ಈಗ ಹಡಗನ್ನು ನೀರಿಗೆ ಕೂರಿಸುವ ಮಾತು. ನೀರಿನ ಗೆರೆಯನ್ನು ಒಡಲಿನ ಉದ್ದಕ್ಕೂ ನೇರವಾಗಿ ಎಳೆದಿದ್ದೀರಿ ಅಂತ ನನ್ನ ಊಹೆ. ನಿಜವಾದ ನೀರು ಹಾಗೆ ನಿಲ್ಲುವುದಿಲ್ಲ. ಒಂದು ಕಡೆ ಅಲೆ ಏರಿ ಒಡಲನ್ನು ಮುಚ್ಚುತ್ತದೆ, ಇನ್ನೊಂದು ಕಡೆ ಇಳಿದು ಒದ್ದೆ ಹಲಗೆ ಹೊಳೆಯುತ್ತದೆ. ಹಡಗಿಗೂ ನಿಮಗೂ ನಡುವೆ ಇರುವ ಒಂದು ಅಲೆಯ ನೆತ್ತಿಯನ್ನು ಎತ್ತಿ, ಒಡಲಿನ ಕೆಳಭಾಗ ಒಂದಷ್ಟು ಮರೆಯಾಗುವ ಹಾಗೆ ಬರೆಯಿರಿ. ಈ ಒಂದೇ ಅಲೆ ಹಡಗನ್ನು ಸಮುದ್ರದ ಒಳಕ್ಕೆ ಎಳೆದುಕೊಳ್ಳುತ್ತದೆ. ಚೆನ್ನಾಗಿ ಬರೆದ ಹಲಗೆಗಳ ಮೇಲೆ ನೀರು ಬಳಿಯಲು ಕೈ ಬರುವುದಿಲ್ಲ, ನನಗೆ ಗೊತ್ತು. ಆದರೂ ಬಳಿಯಿರಿ.

ಒಡಲು ನೀರಿಗೆ ತಾಗುವ ಕಡೆ ಬಣ್ಣ ಹಸಿ ಇರುವಾಗಲೇ ಎರಡನ್ನೂ ಮಾಡಿ. ಒಡಲಿನ ಕಡುಬಣ್ಣವನ್ನು ಒಣ ಬ್ರಷ್ಷಿನಿಂದ ನೀರಿನೊಳಗೆ ಸ್ವಲ್ಪ ಎಳೆಯಿರಿ. ಅದೇ ಪ್ರತಿಬಿಂಬ. ಅಲುಗುವ ನೀರಿನಲ್ಲಿ ಪ್ರತಿಬಿಂಬ ಹಡಗಿಗಿಂತ ಉದ್ದವಾಗಿ, ಚೂರುಚೂರಾಗಿ, ನಮ್ಮ ಕಡೆಗೆ ಇಳಿದು ಬರುತ್ತದೆ. ಕಪ್ಪು ಒಡಲಿನ ಪ್ರತಿಬಿಂಬ ಒಡಲಿಗಿಂತ ಸ್ವಲ್ಪ ತಿಳಿ. ಬಿಳಿ ಹಾಯಿಯದ್ದು ಹಾಯಿಗಿಂತ ಸ್ವಲ್ಪ ಕಪ್ಪು.

ನೊರೆ ಹತ್ತಿಯ ಹಾಗೆ ಬರಲು ಕಾರಣ ಬಿಳಿ. ನೊರೆ ಬಿಳಿ ಅಂತ ನಮ್ಮ ತಲೆಯಲ್ಲಿ ಕೂತಿದೆ. ಬಿಸಿಲು ನೇರವಾಗಿ ಬಿದ್ದ ಒಂದೆರಡು ಚುಕ್ಕೆ ಬಿಟ್ಟರೆ ಅದು ನಸುನೀಲಿ, ಬೂದು, ನೆರಳಿನಲ್ಲಿ ನೇರಳೆ. ಮೊದಲು ನೊರೆ ಪೂರ್ತಿ ನೆರಳಿನ ಬಣ್ಣದಲ್ಲಿ ಬರೆಯಿರಿ. ಅಪ್ಪಟ ಬಿಳಿಯನ್ನು ಕಡೆಯ ದಿನಕ್ಕೆ ಇಟ್ಟುಕೊಳ್ಳಿ, ಅಕ್ಕಿಕಾಳಿನಷ್ಟು ಸಾಕು. ಮೇಲೆ ಹರಡಿದ ನೊರೆಯಲ್ಲಿ ತೂತುಗಳಿರುತ್ತವೆ. ಹತ್ತಿರದ ತೂತು ದೊಡ್ಡದು, ದುಂಡಗೆ. ದೂರ ಹೋದಂತೆ ಚಪ್ಪಟೆಯಾಗಿ ಬರೀ ಗೆರೆಯಾಗುತ್ತದೆ. ಎಲ್ಲ ತೂತನ್ನೂ ಒಂದೇ ಆಕಾರದಲ್ಲಿ ಬರೆದರೆ ನೀರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಅಲೆಯ ನೆತ್ತಿ ತೆಳ್ಳಗಿರುವ ಕಡೆ ಹಿಂದಿನ ಬೆಳಕು ಹಾದುಬಂದು ಹಸಿರಾಗಿ ಉರಿಯುತ್ತದೆ. ಐವಜೋವ್‌ಸ್ಕಿ ಎಂಬ ರಷ್ಯಾದ ಚಿತ್ರಕಾರ 1850ರಲ್ಲಿ ಬರೆದ ಒಂಬತ್ತನೇ ಅಲೆಯ ಚಿತ್ರವನ್ನು ಹುಡುಕಿ ನೋಡಿ. ಎರಡು ಮೀಟರಿಗಿಂತ ಎತ್ತರ, ಮೂರು ಮೀಟರಿಗಿಂತ ಅಗಲದ ಕ್ಯಾನ್ವಾಸ್. ಅದರ ಅಲೆಗಳ ನೆತ್ತಿಯ ಹಸಿರನ್ನು ನೋಡಿ, ಅದರ ಬುಡದ ಕಪ್ಪನ್ನೂ ನೋಡಿ. ಬುಡ ಅಷ್ಟು ಗಾಢ ಇರುವುದರಿಂದಲೇ ನೆತ್ತಿ ಉರಿಯುತ್ತದೆ. ಅವನು ಸಮುದ್ರವನ್ನು ಕೋಣೆಯೊಳಗೆ ನೆನಪಿನಿಂದಲೇ ಬರೆಯುತ್ತಿದ್ದ. ಓಡುವ ಅಲೆಯ ಮುಂದೆ ನಿಂತು ಅದನ್ನು ಹಿಡಿಯಲು ಆಗುವುದಿಲ್ಲ ಎಂಬುದು ಅವನ ನಂಬಿಕೆ. ಹಾಗಾಗಿ ದಡದಲ್ಲಿ ಕೂರಲು ಆಗಲಿಲ್ಲ ಅಂತ ಬೇಸರ ಬೇಡ.

ದಿಗಂತಕ್ಕೆ ಟೇಪ್ ಹಚ್ಚಿದ್ದೂ ಒಂದು ತೊಂದರೆ. ಟೇಪ್ ಕಿತ್ತಾಗ ಬಣ್ಣದ ಏಣು ನಿಲ್ಲುತ್ತದೆ, ಗೆರೆ ಚಾಕುವಿನ ಅಂಚಿನಷ್ಟು ಚೂಪಾಗುತ್ತದೆ. ಎರಡೂ ಬದಿಯಲ್ಲಿ ಅಳೆದು ಪೆನ್ಸಿಲ್ ಗೆರೆ ಹಾಕಿ, ಕೈಯಲ್ಲೇ ಬರೆದು, ಹಸಿ ಇರುವಾಗ ಮೆತ್ತನೆಯ ಒಣ ಬ್ರಷ್ಷನ್ನು ಒಮ್ಮೆ ಅದರ ಮೇಲೆ ಹಾಯಿಸಿ. ಗೆರೆ ನೇರವಾಗಿರಬೇಕು, ಚೂಪಾಗಿರಬೇಕಿಲ್ಲ.

ಹಗ್ಗದ ಬಗ್ಗೆ. ಚಿಕ್ಕ ಬ್ರಷ್ ಬೇಡ, ಉದ್ದ ಕೂದಲಿನ ಬ್ರಷ್ ಬೇಕು. ಅದಕ್ಕೆ ರಿಗ್ಗರ್ ಅಂತಲೇ ಹೆಸರು. ಹಡಗಿನ ಹಗ್ಗ ಬರೆಯಲು ಬಳಸುತ್ತಿದ್ದರಿಂದ ಆ ಹೆಸರು ಬಂತು. ಉದ್ದ ಕೂದಲು ಬಣ್ಣವನ್ನು ಜಾಸ್ತಿ ಹಿಡಿದುಕೊಳ್ಳುತ್ತದೆ, ಕೈಯ ನಡುಕವನ್ನು ತಾನೇ ನುಂಗುತ್ತದೆ. ಬಣ್ಣ ಇಂಕಿನಷ್ಟು ತೆಳ್ಳಗೆ ಇರಲಿ. ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ ಕ್ಯಾನ್ವಾಸಿನ ಅಂಚಿಗೆ ಒರಗಿಸಿ, ಅದರ ಮೇಲೆ ಮಣಿಕಟ್ಟು ಇಡಿ. ಬೆರಳಿನಿಂದ ಎಳೆಯಬೇಡಿ, ಭುಜದಿಂದ ಎಳೆಯಿರಿ. ಒಂದೇ ಉಸಿರಿಗೆ ಒಂದು ಗೆರೆ. ತಪ್ಪಿದರೆ ತಕ್ಷಣ ಬಟ್ಟೆಯಿಂದ ಒರೆಸಿ. ಅದಕ್ಕಾಗಿಯೇ ಕೆಳಗಿನ ಆಕಾಶ ಪೂರ್ತಿ ಒಣಗಿರಬೇಕು.

ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಪ್ಪು ಅಥವಾ ಕಡುಕಂದು. ಹಾಯಿ ಏರಿಸಿ ಇಳಿಸುವ ಹಗ್ಗಗಳು ನಾರಿನ ತಿಳಿ ಬಣ್ಣ. ಎರಡೂ ಬೇರೆ ಕಂಡರೆ ಸಾಕು. ಎಲ್ಲವನ್ನೂ ಬರೆಯಬೇಡಿ. ಬೆಳಕಿನ ಎದುರು ಬರುವ ಕಡೆ ಗೆರೆ ಒಡೆದು ಮಾಯವಾಗಲಿ. ಇಂಗ್ಲಿಷ್ ಚಿತ್ರಕಾರ ಟರ್ನರ್ 1839ರಲ್ಲಿ ತೋರಿಸಿದ, ಟೆಮೆರೇರ್ ಎಂಬ ಯುದ್ಧದ ಹಡಗಿನ ಚಿತ್ರದಲ್ಲಿ ಹಗ್ಗ ಎಣಿಸಲು ಹೋದರೆ ಸಿಗುವುದೇ ಇಲ್ಲ. ಒಡೆದುಹಾಕಲು ಎಳೆದುಕೊಂಡು ಹೋಗುತ್ತಿರುವ ಆ ಹಳೇ ಹಡಗಿನ ಕಂಬಗಳನ್ನು ನಿಜವಾಗಿ ಮೊದಲೇ ಕಿತ್ತುಹಾಕಿದ್ದರು. ಅವನು ಅವನ್ನು ವಾಪಸ್ ನಿಲ್ಲಿಸಿದ. ಆ ಹಡಗಿಗೆ ಅಷ್ಟು ಮರ್ಯಾದೆ ಸಲ್ಲಬೇಕು ಅಂತ ಅವನಿಗೆ ಅನಿಸಿರಬೇಕು.

ಬಣ್ಣ ಹನಿಹನಿಯಾಗಿ ಒಡೆಯುವುದು ಕೆಳಗಿನ ಪದರದಲ್ಲಿ ಎಣ್ಣೆ ಜಾಸ್ತಿ ಆಗಿರುವುದರಿಂದ. ಆಕಾಶಕ್ಕೆ ಅಗಸೆ ಎಣ್ಣೆ ಧಾರಾಳವಾಗಿ ಹಾಕಿದಿರಾ? ಕೆಳಗೆ ಎಣ್ಣೆ ಕಮ್ಮಿ, ಮೇಲೆ ಹೋದಂತೆ ಜಾಸ್ತಿ, ಇದು ಆಯಿಲ್ ಪೇಂಟಿನ ಮೊದಲ ನಿಯಮ. ತಿರುವುಮುರುವಾದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುತ್ತಾ, ಕೊನೆಗೆ ಬಿರುಕು ಬಿಡುತ್ತದೆ. ಈಗ ಆಕಾಶ ಒಣಗಿದ್ದರೆ ಹಗ್ಗ ಬರುವ ಜಾಗಕ್ಕೆ ಮಾತ್ರ ಒಂದು ತೊಟ್ಟು ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಸವರಿ, ಪೂರ್ತಿ ಒರೆಸಿ, ಆಮೇಲೆ ಗೆರೆ ಎಳೆಯಿರಿ. ಹಿಡಿದುಕೊಳ್ಳುತ್ತದೆ.

ಆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಮುದ್ದೆಯ ಒಳಗೆ ಆ ಬಿಸಿಗೆ ಹೋಗಲು ಜಾಗ ಇಲ್ಲದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಒಂದು ಸಂಜೆ ನಾನು ಮರೆತು ಬಿಟ್ಟಿದ್ದ ಬಟ್ಟೆಯ ಮುದ್ದೆ ಎತ್ತಿದರೆ ಮಧ್ಯದಲ್ಲಿ ಕೈ ಇಡಲಾಗದಷ್ಟು ಸುಡುತ್ತಿತ್ತು. ಆವತ್ತಿನಿಂದ ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರೊಳಗೆ ಹಾಕುತ್ತೇನೆ.

ನೀಲಿಪುಟ:

ಹದಿನೆಂಟು ದಿನ ಆಯಿತು. ಏನೇನು ಆಯಿತು ಹೇಳುತ್ತೇನೆ.

ಹೊಸ ಫೋಟೋ ನೋಡಿ ಒಡಲನ್ನು ಪೂರ್ತಿ ಮತ್ತೆ ಬರೆದೆ. ಡೆಕ್ಕಿನ ಹಲಗೆಗಳನ್ನು ಬರೆಯಲು ನಾಲ್ಕು ಸಂಜೆ ತೆಗೆದುಕೊಂಡಿದ್ದೆ. ಅವೆಲ್ಲ ಹೋದವು. ದೂರದ ದೋಣಿಗಳಲ್ಲಿ ಒಂದನ್ನು ತೆಗೆದೆ. ಇನ್ನೊಂದರ ಬುಡವನ್ನು ಗೆರೆಯಿಂದ ಕೆಳಗಿಳಿಸಿದೆ. ಅರ್ಧ ಬೆರಳಿನಷ್ಟು ಇಳಿಸಿದ್ದು ಅಷ್ಟೇ, ಅದು ತಕ್ಷಣ ನೀರಿನ ಮೇಲೆ ಬಂದು ಕೂತಿತು. ಉಪ್ಪುಗಾಳಿ ಅವರು ಹೇಳಿದ ಹಾಗೆ ನೊರೆಯ ಪಟ್ಟೆಗಳನ್ನು ಮುಚ್ಚಿ ಸಮುದ್ರವನ್ನು 4ನೇ ಅಂಕೆಗೆ ಇಳಿಸಿದೆ. ಹಾಯಿಗಳು ಅಷ್ಟೂ ಉಳಿದವು, ರಾಯಲ್ ಕೂಡ.

ಮುಂದಿನ ಅಲೆಯನ್ನು ಒಡಲಿನ ಮೇಲೆ ಏರಿಸುವಾಗ ನಿಜಕ್ಕೂ ಕೈ ಬರಲಿಲ್ಲ. ಬ್ರಷ್ ಹಿಡಿದು ಸುಮಾರು ಹೊತ್ತು ಸುಮ್ನೆ ನಿಂತಿದ್ದೆ. ಆಮೇಲೆ ಒಂದೇ ಸಲಕ್ಕೆ ಎಳೆದೆ. ಹಡಗು ಮುಳುಗಿತು ಅಂತ ಅನಿಸಿತು ಮೊದಲು. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದರೆ ತೇಲುತ್ತಿದೆ.

ಹಗ್ಗ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಹತ್ತರಲ್ಲಿ ಆರು ಸರಿ ಬರುತ್ತಿವೆ. ಹಿಂದಿನ ಕಂಬದ ಕೆಲವು ಹಗ್ಗ ಬಿಟ್ಟೇಬಿಟ್ಟೆ. ಯಾರೂ ಅವು ಇಲ್ಲ ಅಂತ ಹೇಳಲಿಲ್ಲ.

ಬಾವುಟ ಕೊನೆಗೆ ಉಳಿಸಿಕೊಂಡಿದ್ದೇನೆ. ಹಳೆಯದು ಕೆಂಪು, ಒಣಗಿ ಗಟ್ಟಿಯಾಗಿದೆ. ಅದರ ಮೇಲೆ ಆಕಾಶದ ಬಣ್ಣ ಬಳಿದು ಮುಚ್ಚಿದರೆ ಸಾಕಾ, ಕೆರೆಯಬೇಕಾ?

ಹಳೇಕುಂಚ:

ಕೆರೆಯಿರಿ. ಆಯಿಲ್ ಪೇಂಟ್ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪ ಪಾರದರ್ಶಕ ಆಗುತ್ತದೆ. ಸುಮ್ನೆ ಮುಚ್ಚಿದರೆ ಮುಂದೊಂದು ದಿನ ಕೆಂಪು ನೆರಳು ಆಕಾಶದಲ್ಲಿ ಮತ್ತೆ ಮೂಡುತ್ತದೆ, ಏಣು ಈಗಲೇ ಕಾಣುತ್ತದೆ. ಪ್ಯಾಲೆಟ್ ನೈಫನ್ನು ಮಲಗಿಸಿ ಹಿಡಿದು, ಕ್ಯಾನ್ವಾಸಿನ ಹಿಂದೆ ಒಂದು ಗಟ್ಟಿ ರಟ್ಟು ಕೊಟ್ಟು, ನಿಧಾನವಾಗಿ ಏಣು ತೆಗೆಯಿರಿ. ಉಜ್ಜುವ ಕಾಗದ ಬಳಸಿದರೆ ಒದ್ದೆ ಮಾಡಿಕೊಂಡೇ ಉಜ್ಜಿ. ಬಣ್ಣದ ಧೂಳು ಮೂಗಿಗೆ ಹೋಗಬಾರದು.

ವಾರ್ನಿಶ್ ಈಗ ಬೇಡ. ಆರು ತಿಂಗಳಾದರೂ ಬಿಡಿ, ನೊರೆ ದಪ್ಪ ಇರುವ ಕಡೆ ವರ್ಷ ಆದರೂ ಸರಿ. ಹಡಗು ತೇಲುತ್ತಿದೆ ಅಂತ ಓದಿ ಬಹಳ ಖುಷಿಯಾಯಿತು.

ನೀಲಿಪುಟ:

ಕೆರೆದೆ. ಆಕಾಶ ತುಂಬಿ, ಒಂದು ವಾರ ಒಣಗಲು ಬಿಟ್ಟು, ಇವತ್ತು ಬೆಳಿಗ್ಗೆ ಹೊಸ ಬಾವುಟ ಬರೆದೆ. ಬಲಕ್ಕೆ, ಹಾಯಿ ಉಬ್ಬಿದ ಕಡೆಗೇ ಹಾರುತ್ತಿದೆ. ಕಪಾಟಿನ ಮೇಲಿನ ಹಡಗಿನ ಬಾವುಟವನ್ನು ಮುಟ್ಟಿಲ್ಲ. ಅದು ಅಪ್ಪ ಅಂಟಿಸಿದ ಹಾಗೇ ಹಿಂದಕ್ಕಿದೆ.

ನೀರು ತುಂಬಿದ ಡಬ್ಬವೂ ಬಂತು. ಬಟ್ಟೆಗಳು ಅದರಲ್ಲಿವೆ.